ಅತಿವಾಹಕ ಕ್ಯಾವಿಟಿಗೆ ಆಕಾರ ಕೊಡುವ ಬಗೆ

ಕಣ ವೇಗವರ್ಧಕದ ಕ್ಯಾವಿಟಿಯನ್ನು, ಎಂದರೆ ಕಂಪಿಸುವ ವಿದ್ಯುತ್ ಕ್ಷೇತ್ರದಿಂದ ಕಣಗಳನ್ನು ಮುನ್ನೂಕುವ ಟೊಳ್ಳು ಲೋಹದ ಪಾತ್ರೆಯನ್ನು, ವಿನ್ಯಾಸ ಮಾಡುವವರು ಕ್ಷೇತ್ರಗಳನ್ನು ಲೆಕ್ಕಹಾಕುವ ಸೂಪರ್‌ಫಿಶ್‌ನಂತಹ ತಂತ್ರಾಂಶವನ್ನು ತೆರೆಯುವ ಮೊದಲು, ಒಂದು ಸಾದಾ ಸಿಲಿಂಡರಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಳ್ಳಬೇಕು. ಅದರ ವೇಗವರ್ಧಕ ಕಂಪನದ ಆವರ್ತನವನ್ನು ನಿರ್ಧರಿಸುವುದು ತ್ರಿಜ್ಯವೇ ಹೊರತು ಉದ್ದವಲ್ಲ, 1.3 ಗಿಗಾಹರ್ಟ್ಸ್‌ಗೆ ಸುಮಾರು 88 ಮಿ.ಮೀ. ತ್ರಿಜ್ಯ ಬರುತ್ತದೆ. ಉದ್ದವನ್ನು ಕಣದ ವೇಗ ಗೊತ್ತುಮಾಡುತ್ತದೆ. ಬೆಳಕಿನ ವೇಗಕ್ಕೆ ಸಮೀಪವಿರುವ ಎಲೆಕ್ಟ್ರಾನು ಸಾಲಾಗಿ ಜೋಡಿಸಿದ ಕೋಶಗಳಲ್ಲಿ (ಇಂತಹ ಒಂದೊಂದು ಸಿಲಿಂಡರೇ ಒಂದು ಕೋಶ) ಒಂದನ್ನು ದಾಟುವಷ್ಟರಲ್ಲಿ ಕ್ಷೇತ್ರದ ಅರ್ಧ ಆವರ್ತ ಮುಗಿದು, ಮುಂದಿನ ಕೋಶದಲ್ಲಿಯೂ ಅದನ್ನು ಮುನ್ನೂಕುವ ಕ್ಷೇತ್ರವೇ ಎದುರಾಗಬೇಕಾದುದರಿಂದ, ಕೋಶದ ಉದ್ದ ತರಂಗದೂರದ ಅರ್ಧದಷ್ಟು, ಎಂದರೆ ಸುಮಾರು 115 ಮಿ.ಮೀ. ಇರಬೇಕು.

ಆ ಬಳಿಕ ಗೋಡೆಗಳನ್ನು ದೀರ್ಘವೃತ್ತದ ಕಂಸಗಳಿಂದ ದುಂಡಾಗಿಸಬೇಕು. ಚಪ್ಪಟೆ ಗೋಡೆಯಿಂದ ಹೊರಟ ಎಲೆಕ್ಟ್ರಾನುಗಳು ಅಲ್ಲಿಗೇ ಮರಳಿ ಬಡಿದು ಸಂಖ್ಯೆಯಲ್ಲಿ ಬೆಳೆಯುತ್ತ ಹೋಗಬಲ್ಲವು. ದುಂಡು ಗೋಡೆಯಲ್ಲಾದರೆ ಅವು ಕೋಶದ ಅತಿ ಅಗಲವಾದ ನಡುಪಟ್ಟಿಯತ್ತ ಸರಿದು, ವಿದ್ಯುತ್ ಕ್ಷೇತ್ರವೇ ಇಲ್ಲದಂತಿರುವ ಅಲ್ಲಿ ಶಕ್ತಿ ಸಿಗದೆ ನಂದುತ್ತವೆ.

ಹೆಚ್ಚಿನ ವಿವೇಚನೆ ಬೇಕಾಗುವುದು ಕೋಶಗಳ ನಡುವಿನ ಕಂಠದ ಅಳತೆಗೆ. ಕಂಠ ಕಿರಿದಾದಷ್ಟೂ ಅಷ್ಟೇ ವೇಗವರ್ಧನೆಗೆ ಗೋಡೆಯ ಮೇಲಿನ ಗರಿಷ್ಠ ಕ್ಷೇತ್ರ ತಗ್ಗುತ್ತದೆ. ಆದರೆ ಕೋಶಗಳ ನಡುವಿನ ಬೆಸುಗೆ (ಲೋಹದ ಬೆಸುಗೆಯಲ್ಲ, ಒಂದು ಕೋಶದ ಕ್ಷೇತ್ರಕ್ಕೂ ಪಕ್ಕದ ಕೋಶದ ಕ್ಷೇತ್ರಕ್ಕೂ ಇರುವ ನಂಟು) ಸಡಿಲಗೊಂಡು, ತಯಾರಿಕೆಯ ಸಣ್ಣ ದೋಷವೂ ಕ್ಷೇತ್ರವನ್ನು ಕೋಶದಿಂದ ಕೋಶಕ್ಕೆ ಏರುಪೇರಾಗಿಸುತ್ತದೆ. ಕಣಗುಚ್ಛ ತನ್ನ ಹಿಂದೆ ಬಿಟ್ಟುಹೋಗುವ ಕ್ಷೇತ್ರಗಳೂ ಬಲಗೊಳ್ಳುತ್ತವೆ. ಹ್ಯಾಂಬರ್ಗಿನ ಎಕ್ಸ್-ರೇ ಲೇಸರ್ ಕೇಂದ್ರವಾದ ಯುರೋಪಿಯನ್ ಎಕ್ಸ್‌ಎಫ್‌ಇಎಲ್‌ನಲ್ಲಿರುವ ಒಂಬತ್ತು ಕೋಶಗಳ ಟೆಸ್ಲಾ ಎಂಬ ಹೆಸರಿನ ವಿನ್ಯಾಸದ ಕ್ಯಾವಿಟಿಯಲ್ಲಿ ಕಂಠದ ವ್ಯಾಸ 70 ಮಿ.ಮೀ., ಬೆಸುಗೆ 1.87 ಶೇಕಡ. ಇದು ಬಹಳ ವಿವೇಕದ ಹೊಂದಾಣಿಕೆಯೆಂಬುದು ನನ್ನ ದೃಢ ಅಭಿಪ್ರಾಯ.

ವೇಗವರ್ಧಕ ಕ್ಷೇತ್ರವನ್ನಷ್ಟೇ ನೋಡಿ ಆಕಾರವನ್ನು ಒಪ್ಪಬಾರದು. ಟೆಸ್ಲಾ ಆಕಾರದಲ್ಲಿ ವೇಗವರ್ಧಕ ಕ್ಷೇತ್ರದ ಪ್ರತಿ 1 ಮೆಗಾವೋಲ್ಟ್/ಮೀಟರ್‌ಗೆ ಗೋಡೆಯ ಮೇಲೆ ಗರಿಷ್ಠ 4.26 ಮಿಲಿಟೆಸ್ಲಾ ಕಾಂತಕ್ಷೇತ್ರ ಏಳುತ್ತದೆ. ಕ್ಯಾವಿಟಿಯ ಲೋಹವಾದ ನಿಯೋಬಿಯಂ 2 ಕೆಲ್ವಿನ್‌ನಲ್ಲಿಯೂ 200 ಮಿಲಿಟೆಸ್ಲಾ ಆಸುಪಾಸಿನಲ್ಲಿ ಅತಿವಾಹಕತೆಯನ್ನು (ಬಹುತೇಕ ರೋಧವಿಲ್ಲದೆ ವಿದ್ಯುತ್ ಹರಿಸುವ ಗುಣವನ್ನು) ಕಳೆದುಕೊಳ್ಳುವುದರಿಂದ, ಮೇಲ್ಮೈ ಎಷ್ಟೇ ಶುದ್ಧವಾಗಿದ್ದರೂ 47 ಮೆಗಾವೋಲ್ಟ್/ಮೀಟರ್ ದಾಟುವುದು ಈ ಆಕಾರಕ್ಕೆ ಹೆಚ್ಚುಕಡಿಮೆ ಅಸಾಧ್ಯ.

ಕೊನೆಗೆ, ತಯಾರಿಕೆಯ ನಕ್ಷೆಗೆ ಅಂತಿಮ ಆವರ್ತನದ ಅಳತೆಗಳನ್ನೇ ಬರೆದುಕೊಡಬಾರದು. ಕೋಣೆಯ ಉಷ್ಣತೆಯಿಂದ 2 ಕೆಲ್ವಿನ್‌ಗೆ ಇಳಿಯುವಾಗ ಲೋಹ ಕುಗ್ಗಿ ಆವರ್ತನ ಸುಮಾರು 2 ಮೆಗಾಹರ್ಟ್ಸ್ ಏರುತ್ತದೆ. ಒಳಮೈಯನ್ನು ರಾಸಾಯನಿಕವಾಗಿ ಸವೆಸಿದಾಗ ಕ್ಯಾವಿಟಿ ಹಿಗ್ಗಿ ಆವರ್ತನ ಇಳಿಯುತ್ತದೆ. ಇವೆರಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿದು, ಉಳಿದ ವ್ಯತ್ಯಾಸವನ್ನು ಮಾತ್ರ ಕ್ಯಾವಿಟಿಯನ್ನು ಹಿಗ್ಗಿಸಿ ಕುಗ್ಗಿಸುವ ಟ್ಯೂನರ್‌ಗೆ ಬಿಡಬೇಕು.