ಸಿಮೆಂಟು ಕಿತ್ತ ಮೇಲೆ ಗೋಡೆ ಒಣಗಿತು

ಸಿಮೆಂಟ್ ಕಿತ್ತು ಸುಣ್ಣದ ಗಾರೆ ಮಾಡಿಸಿದ ಮೇಲೆ ನಮ್ಮ ಹಳೇ ಮನೆಯ ನಡುಮನೆ ಗೋಡೆಗೆ ಇದು ಮೂರನೇ ಮಳೆಗಾಲ. ಬಣ್ಣ ಉದುರಿಲ್ಲ, ಉಪ್ಪು ಬಿಟ್ಟಿಲ್ಲ, ಬೀರು ಸರಿಸಿದರೆ ಮುಗ್ಗಲು ವಾಸನೆಯೂ ಇಲ್ಲ. "ಒಂದು ಮಳೆ ಹೋಗಲಿ, ಆಮೇಲೆ ಮಾತಾಡೋಣ" ಅಂದಿದ್ದವರೆಲ್ಲ ಈಗ ಮೇಸ್ತ್ರಿ ನಂಬರ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ. ನಂಬರ್ ಮಾತ್ರ ಕೊಡುವುದಿಲ್ಲ. ಅವರಿಗೆ ವಯಸ್ಸಾಗಿದೆ, ನನ್ನ ಕೆಲಸವೇ ಇನ್ನೂ ಬಾಕಿ ಇದೆ.

ಮನೆ ಇರುವುದು ಮೈಸೂರಿನ ಹಳೇ ಬಡಾವಣೆಯಲ್ಲಿ. ಕೊಂಡಿದ್ದು 2019ರ ಕೊನೆಗೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲ. ಆಸ್ತಿಯ ಕಾಗದಪತ್ರಗಳಿಗೆ ಅಲೆದ ಕಥೆ ನಿಮಗೆಲ್ಲ ಗೊತ್ತೇ ಇದೆ, ಬಿಡುತ್ತೇನೆ. ಒಂದು ವಿಷಯ ಹೇಳಲೇಬೇಕು. ಸಾಲಕ್ಕೆಂದು ಬ್ಯಾಂಕಿನಿಂದ ಬಂದ ಇಂಜಿನಿಯರ್ ಸೈಟಿಗೆ ಬೆಲೆ ಬರೆದು, ಕಟ್ಟಡಕ್ಕೆ ಹೆಚ್ಚುಕಮ್ಮಿ ಸೊನ್ನೆ ಹಾಕಿದ. ನನಗೆ ಸಿಟ್ಟು ಬಂತು. ರಾತ್ರಿ ಮಲಗಿದಾಗ ಬುದ್ಧಿಯೂ ಬಂತು. ಅದೇ ರಿಪೋರ್ಟನ್ನು ಮಾರುವವರ ಮುಂದೆ ಇಟ್ಟೆ. ಎರಡೂವರೆ ಲಕ್ಷ ಇಳಿಸಿದರು. ಆದರೂ ಸ್ಟ್ಯಾಂಪು, ಸೆಸ್ಸು, ನೋಂದಣಿ ಅಂತ ಆಗ ನೂರಕ್ಕೆ ಆರೂವರೆ ಚಿಲ್ಲರೆ ಹೋಗುತ್ತಿತ್ತು. ಒಟ್ಟು ನಾಲ್ಕು ಲಕ್ಷದ ಹತ್ತಿರ ಖರ್ಚಾಯಿತು. ಉಳಿಸಿದ್ದು ಅಲ್ಲಿಗೇ ಸರಿಹೋಯಿತು.

ಮಾವನವರಿಗೆ ಮೊದಲಿಂದಲೂ ಇಷ್ಟವಿರಲಿಲ್ಲ. "ಲ್ಯಾನ್ಸ್‌ಡೌನ್ ಬಿಲ್ಡಿಂಗ್ ನೆನಪಿದೆ ತಾನೇ ನಿಮಗೆ?" ಅಂದರು. 2012ರಲ್ಲಿ ಪೇಟೆಯ ಆ ಹಳೇ ಸುಣ್ಣದ ಗಾರೆ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತ ಮೇಲೆ ಮೈಸೂರಿನಲ್ಲಿ ಸುಣ್ಣದ ಗೋಡೆ ಅಂದರೆ ಹೀಗೇ ಒಂದು ಭಯ. "ಕೆಡವಿ ಕಟ್ಟಿ, ಇಲ್ಲಾಂದ್ರೆ ಬಿಡಿ" ಅನ್ನುವುದು ಅವರ ತೀರ್ಮಾನ.

ಮೊದಲ ಮಳೆಗೆ ನೆಲದಿಂದ ಮೂರು ಅಡಿವರೆಗೆ ಗೋಡೆ ಒದ್ದೆ. ಹೆಸರಾಂತ ಕಂಪನಿಯೊಂದರ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿದೆ. 40 ಸಾವಿರ, ಐದು ವರ್ಷದ ಗ್ಯಾರಂಟಿ. ಮುಂದಿನ ಮಳೆಗಾಲಕ್ಕೆ ಮೂರು ಅಡಿ ಇದ್ದ ಒದ್ದೆ ಐದು ಅಡಿಗೆ ಏರಿತ್ತು! ಗ್ಯಾರಂಟಿ ಕೇಳಿದರೆ "ಇದು ನೆಲದ ನೀರು ಸಾರ್, ನಮಗೆ ಬರಲ್ಲ" ಅಂದರು. ಹೊರಗೆ ಹೋಗಲು ದಾರಿ ಮುಚ್ಚಿದರೆ ನೀರು ಮೇಲಕ್ಕೆ ಹತ್ತದೆ ಇನ್ನೇನು ಮಾಡುತ್ತದೆ?

ಆಗ ಸರಿಯಾಗಿ ನೋಡಿದೆ. ಹಿಂದಿನ ಮಾಲೀಕರು ಯಾವಾಗಲೋ ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಹೊರಗೆ ಗೋಡೆಗೆ ಅಂಟಿಕೊಂಡಂತೆ ಸಿಮೆಂಟ್ ಅಂಗಳ. ರಸ್ತೆಗೆ ಟಾರಿನ ಮೇಲೆ ಟಾರು ಹಾಕಿ ಹಾಕಿ, ಒಂದು ಕಾಲಕ್ಕೆ ಎರಡು ಅಡಿ ಎತ್ತರವಿದ್ದ ತಳಪಾಯ ಈಗ ಅರ್ಧ ಅಡಿ ಕಾಣುತ್ತದೆ. ಒಂದು ಸಣ್ಣ ಪರೀಕ್ಷೆಯನ್ನೂ ಮಾಡಿದೆ. ಎರಡು ಅಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಸುತ್ತಲೂ ಟೇಪ್ ಹಾಕಿ ಎರಡು ದಿನ ಬಿಟ್ಟೆ. ಹನಿ ಕಟ್ಟಿದ್ದು ಗೋಡೆಯ ಕಡೆಗೆ, ಕೋಣೆಯ ಕಡೆಗಲ್ಲ. ಅಂದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ.

ಸುಣ್ಣಕ್ಕೇ ವಾಪಸ್ ಹೋಗೋಣ ಅಂತ 2022ರಲ್ಲಿ ನಾನೇ ಕೈ ಹಾಕಿದೆ. ಅಗ್ಗಕ್ಕೆ ಸಿಕ್ಕಿತು ಅಂತ ಗೊಬ್ಬರದ ಅಂಗಡಿಯಿಂದ ಹತ್ತು ಮೂಟೆ ಸುಣ್ಣ ತಂದೆ. ಹೊಲಕ್ಕೆ ಹಾಕುವ ಸುಣ್ಣ ಬರೀ ಕಲ್ಲಿನ ಪುಡಿ, ಅದು ಗಟ್ಟಿಯಾಗುವುದೇ ಇಲ್ಲ. ತಿಂಗಳಾದರೂ ಬೆರಳಲ್ಲಿ ಕೆರೆದರೆ ಉದುರುತ್ತಿತ್ತು. ಕೂಲಿ ಸೇರಿ 9 ಸಾವಿರ ಮಣ್ಣುಪಾಲು. ಮನೆಯವಳು ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ನಂಜನಗೂಡು ಕಡೆಯ ಹಳೇ ಮೇಸ್ತ್ರಿಯೊಬ್ಬರು ಸಿಕ್ಕಿದ್ದು ಆಮೇಲೆ. ಗೋಡೆಗೆ ಕೈಯಿಟ್ಟು ನೋಡಿ, "ಸಾರ್, ಮೊದ್ಲು ಇದನ್ನ ಬೆತ್ಲೆ ಮಾಡಿ ಬಿಡಿ. ಬೇಸಿಗೇಲಿ ಬರ್ತೀನಿ" ಅಂದು ಹೋದರು. 2023ರ ಜನವರಿಯಲ್ಲಿ ಆರು ಅಡಿವರೆಗೆ ಸಿಮೆಂಟ್ ಪೂರ್ತಿ ಕಿತ್ತೆವು. ಅರ್ಧಂಬರ್ಧ ಬಿಟ್ಟರೆ ನೀರು ಅಲ್ಲೇ ನಿಲ್ಲುತ್ತದೆ. ಹೊರಗೆ ಗೋಡೆಯುದ್ದಕ್ಕೂ ಎರಡು ಅಡಿ ಅಗಲ ಅಂಗಳ ಒಡೆದು ಜಲ್ಲಿ ತುಂಬಿಸಿದೆ. ಕೀಳಿಸಿದ್ದು, ಕಸ ಸಾಗಿಸಿದ್ದು, ಜಲ್ಲಿ ಎಲ್ಲ ಸೇರಿ 20 ಸಾವಿರದ ಹತ್ತಿರ. ಆಮೇಲೆ ಮೂರೂವರೆ ತಿಂಗಳು ಸುಮ್ನೆ ಕೂತೆವು. ಕೆಲಸದಲ್ಲಿ ಕಷ್ಟದ ಭಾಗ ಇದೇ. ಬಂದವರೆಲ್ಲ ಬರೀ ಇಟ್ಟಿಗೆ ನೋಡಿ "ದುಡ್ಡು ಮುಗೀತಾ?" ಅಂತ ಕೇಳುತ್ತಿದ್ದರು. ಉಪ್ಪು ಬಿಟ್ಟ ಹಾಗೆಲ್ಲ ಒಣ ಬ್ರಷ್ಷಿನಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ಹೊರಗೆ ಹಾಕಬೇಕು. ನೀರಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಆ ಹೊತ್ತಿಗೆ ಸುಟ್ಟ ಸುಣ್ಣದ ಕಲ್ಲು ತಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ಹಾಕಿ ಅರಳಿಸಲು ಹೋದೆ. ಕೊತಕೊತ ಕುದ್ದು ಡ್ರಮ್ ಸೊಟ್ಟಗಾಯಿತು. ಕಬ್ಬಿಣದ್ದೇ ಬೇಕು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅರಳಿದ ಸುಣ್ಣವನ್ನು ಜರಡಿ ಹಿಡಿದು ನೀರಿನಡಿ ಒಂದೂವರೆ ತಿಂಗಳು ಇಟ್ಟೆವು. ಕೊನೆಗೆ ಬೆಣ್ಣೆ ಥರ ಆಗಿತ್ತು. ಒಂದಕ್ಕೆ ಮೂರು ಮರಳು, ಆ ಮರಳಿನಲ್ಲೇ ಒಂದು ಪಾಲು ಇಟ್ಟಿಗೆ ಪುಡಿ. ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರು ಎಷ್ಟು, ಯಾವಾಗ ಹಾಕಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಮೇಸ್ತ್ರಿಯ ಗುಟ್ಟು. ನಾನು ಬೆಲ್ಲ ಸ್ವಲ್ಪ ಜಾಸ್ತಿ ಸುರಿದ ಮೂಲೆಗೆ ಇಡೀ ಬೀದಿಯ ಇರುವೆ ಬಂದಿತ್ತು ಅಂತ ಮಾತ್ರ ಹೇಳುತ್ತೇನೆ.

ಮೂರು ಕೋಟು, ಒಂದೊಂದರ ನಡುವೆ ವಾರಕ್ಕೂ ಮೇಲೆ. ಒದ್ದೆ ಗೋಣಿ ತಾಟು ಇಳಿಬಿಟ್ಟು ನೆರಳಲ್ಲೇ ಒಣಗಿಸಬೇಕು. ಸುಮಾರು 450 ಚದರಡಿಗೆ 65 ಸಾವಿರ ಆಯಿತು, ಅಂದರೆ ಅಡಿಗೆ 145ರ ಆಸುಪಾಸು. ಸಿಮೆಂಟಾಗಿದ್ದರೆ 60 ರೂಪಾಯಿಗೆ ಮುಗಿಯುತ್ತಿತ್ತು. ಮೇಲೆ ಪ್ಲಾಸ್ಟಿಕ್ ಪೇಂಟ್ ಬೇಡವೇ ಬೇಡ, ಸುಣ್ಣದ ನೀರೇ ಬಳಿದೆವು. ಒಂದು ಗೋಡೆಗೆ ಪಾಪಾಸುಕಳ್ಳಿ ರಸ, ಇನ್ನೊಂದಕ್ಕೆ ಕೆನೆ ತೆಗೆದ ಹಾಲು ಬೆರೆಸಿ ನೋಡಿದೆ. ಹಾಲಿನದು ಕೈಗೆ ಅಂಟುವುದಿಲ್ಲ. ಕಳ್ಳಿಯದು ಹತ್ತು ದಿನ ನಾರಿತು, ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಹೆಂಚಿನದೂ ಒಂದು ಮಾತು. ಒಡೆದಿದ್ದ ನೂರಿಪ್ಪತ್ತು ಹೆಂಚಿಗೆ ಕೆಡವಿದ ಮನೆಯಿಂದ ಒಂದಕ್ಕೆ 12 ರೂಪಾಯಿಯಂತೆ ತಂದೆ. ಅರ್ಧಕ್ಕರ್ಧ ಕೂರಲಿಲ್ಲ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಇನ್ನೂ ಎಷ್ಟೋ ಕಾರ್ಖಾನೆಗಳು ಬಂದವು, ಒಬ್ಬೊಬ್ಬರ ಅಚ್ಚು ಒಂದೊಂದು ಥರ. ಹೆಂಚಿನ ಮೇಲಿನ ಮುದ್ರೆ ನೋಡಿ, ನಿಮ್ಮದೇ ಕಾರ್ಖಾನೆಯದನ್ನು ಹುಡುಕಿ.

ಮಾವ ಹೋದ ತಿಂಗಳು ಬಂದಿದ್ದರು. ಗೋಡೆಗೆ ಅಂಗೈ ಒತ್ತಿ ನೋಡಿ, ಅಂಗೈ ಮೂಸಿ, "ಕಾಫಿ ಆಯ್ತಾ?" ಅಂತ ಒಳಗೆ ಹೋದರು. ಬಚ್ಚಲ ಕಡೆಯ ಗೋಡೆ ಮಾತ್ರ ಇನ್ನೂ ಬೆವರುತ್ತಿದೆ, ಅಲ್ಲಿ ಪೈಪು ಸೋರುತ್ತಿರಬೇಕು ಅಂತ ಅನುಮಾನ. ಜನವರಿಗೆ ಅದನ್ನು ಕೀಳುತ್ತೇನೆ. ಸುಣ್ಣ ಈಗಾಗಲೇ ನೆನೆಯುತ್ತಿದೆ, ಈ ಸಲ ಕಬ್ಬಿಣದ ಡ್ರಮ್ಮಿನಲ್ಲಿ.