ಠಾಣೆಯಿಂದ ಐರೋಳಿವರೆಗಿನ ಹತ್ತು ನಿಮಿಷ: ನಾನು ಪೈಥಾನ್ ಕಲಿತ ಬಗೆ

ನಾನು ಪ್ರೋಗ್ರಾಮರ್ ಅಲ್ಲ. ನವಿ ಮುಂಬಯಿಯ ವಾಶಿ ಎಪಿಎಂಸಿ ಸಗಟು ಮಾರುಕಟ್ಟೆಯ ಮಸಾಲಾ ಮಾರ್ಕೆಟ್‌ನಲ್ಲಿ ಒಂದು ಮೆಣಸಿನಕಾಯಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿಗೆ ಬರುವ ಮಾಲು ಜಾಸ್ತಿ ಬ್ಯಾಡಗಿ ಕಡೆಯದು, ಡಬ್ಬಿ, ಕಡ್ಡಿ ಎರಡೂ ಬಗೆಯದು. ಮಾಲು ಮಾರಿದ ಮೇಲೆ ಅದನ್ನು ಕಳಿಸಿದ ಪ್ರತಿ ಪಾರ್ಟಿಗೂ ಪಟ್ಟಿ ಮಾಡಬೇಕು. ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು, ದಲಾಲಿ ಎಷ್ಟು, ಎಲ್ಲ ಕಳೆದು ಕೈಗೆ ಎಷ್ಟು. ಕರ್ನಾಟಕದ ಪಾರ್ಟಿಗಳಿಗೆ ಪಟ್ಟಿ ಕನ್ನಡದಲ್ಲೇ ಹೋಗುತ್ತದೆ, ಅದು ನಮ್ಮ ಅಂಗಡಿಯ ಹಳೇ ವಾಡಿಕೆ. ದಿನಕ್ಕೊಂದು ಎಕ್ಸೆಲ್ ಫೈಲ್. ತಿಂಗಳು ಮುಗಿದ ಮೇಲೆ ಆ 25-26 ಫೈಲ್‌ಗಳನ್ನು ಒಂದೊಂದಾಗಿ ತೆರೆದು, ಒಬ್ಬೊಬ್ಬ ಪಾರ್ಟಿಯ ಸಾಲುಗಳನ್ನು ಎತ್ತಿ ಒಂದೆಡೆ ಹಾಕಿ, ಕೂಡಿಸಿ, ಕಾಗದದ ಪಟ್ಟಿಯೊಂದಿಗೆ ತಾಳೆ ನೋಡುವುದಕ್ಕೆ ನನಗೆ ಪೂರ್ತಿ ಎರಡು ದಿನ ಬೇಕಾಗುತ್ತಿತ್ತು. ಸೀಸನ್‌ನಲ್ಲಿ ಮೂರು ದಿನ.

ಇದನ್ನು ಕಂಪ್ಯೂಟರ್ ಹತ್ತಿರವೇ ಮಾಡಿಸಬೇಕು ಅಂತ ಹಟ ಹುಟ್ಟಿತು. ವಿಡಿಯೋ ನೋಡಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದೆ. ಎರಡು ತಿಂಗಳು ನೋಡಿದೆ. ನೋಡುವಾಗ ಎಲ್ಲ ಅರ್ಥ ಆಗುತ್ತಿತ್ತು, ಲ್ಯಾಪ್‌ಟಾಪ್ ಮುಂದೆ ಕೂತರೆ ಒಂದು ಸಾಲು ಹೊರಡುತ್ತಿರಲಿಲ್ಲ. ಸಾಲದ್ದಕ್ಕೆ ನಾನು ನೋಡುತ್ತಿದ್ದ ವಿಡಿಯೋ ಪೈಥಾನ್ 2ರದ್ದು. ಪೈಥಾನ್ 3 ಬಂದದ್ದು 2008ರಲ್ಲಿ, ಹಳೆಯದಕ್ಕೆ 2020ರ ಜನವರಿ 1ರಿಂದ ಬೆಂಬಲವೇ ನಿಂತಿದೆ. ಅದು ನನಗೆ ಹೇಗೆ ಗೊತ್ತಿರಬೇಕು? ವಿಡಿಯೋದಲ್ಲಿ ‘ಪ್ರಿಂಟ್’ (ಸ್ಕ್ರೀನ್ ಮೇಲೆ ತೋರಿಸು ಅನ್ನುವ ಆದೇಶ) ಮುಂದೆ ಕಂಸ ಇರಲಿಲ್ಲ, ನಾನೂ ಹಾಕಲಿಲ್ಲ, ಮೊದಲ ಸಾಲಿಗೇ ಎರರ್ ಬಂತು.

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್‌ನ ಮೂರನೇ ಮಹಡಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಕಾರ್ಕಳದವರು. ಐರೋಳಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ, ಇಪ್ಪತ್ತು ವರ್ಷದ ಅನುಭವ. ಬೆಳಿಗ್ಗೆ ಇಬ್ಬರೂ ಒಂದೇ ಲೋಕಲ್‌ನ ಲೇಡೀಸ್ ಡಬ್ಬಿ ಹತ್ತುತ್ತೇವೆ. ಡೊಂಬಿವಲಿಯಿಂದ ಠಾಣೆವರೆಗೆ ಮಾತಾಡುವುದಿರಲಿ, ಕೈ ಎತ್ತುವುದಕ್ಕೂ ಜಾಗ ಇರುವುದಿಲ್ಲ. ಠಾಣೆಯಲ್ಲಿ ಇಳಿದು ವಾಶಿ ಗಾಡಿ ಹಿಡಿಯುತ್ತೇವೆ. ಅದು ಅಲ್ಲಿಂದಲೇ ಹೊರಡುವುದರಿಂದ ಕೂರಲು ಸೀಟು ಸಿಗುತ್ತದೆ. ಆದರೆ ಅಕ್ಕ ಐರೋಳಿಯಲ್ಲಿ ಇಳಿದುಬಿಡುತ್ತಾರೆ. ಅಂದರೆ ನನಗೆ ಸಿಗುತ್ತಿದ್ದದ್ದು ಸುಮಾರು ಹತ್ತು ನಿಮಿಷ. ಆ ಹತ್ತು ನಿಮಿಷವೇ ನನಗೆ ಕಲಿಸಿತು ಅಂತ ಈಗ ಅನ್ನಿಸುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಕ್ಕ ಮೊದಲು ಕೇಳಿದ್ದು, "ಇದಕ್ಕೆ ಪಿವಟ್ ಟೇಬಲ್ ಸಾಕಲ್ವಾ?" ಅಂತ. ಅದು ಸಾಲುಗಳನ್ನು ಗುಂಪು ಮಾಡಿ ಕೂಡಿಸಿಕೊಡುವ ಎಕ್ಸೆಲ್‌ನದೇ ಸೌಲಭ್ಯ. ಒಂದೇ ಫೈಲ್ ಆಗಿದ್ದರೆ ಸಾಕಿತ್ತು. ನಮ್ಮಲ್ಲಿ ಫೈಲ್ ಬೇರೆ ಬೇರೆ, ಒಂದೇ ಪಾರ್ಟಿಯ ಹೆಸರು ಮೂರು ಥರ ಬರೆದಿರುತ್ತದೆ. ಅದನ್ನು ಕೇಳಿದ ಮೇಲೆ ಹೇಳಿದರು: "ಸರಿ, ಹಾಗಾದರೆ ವಿಡಿಯೋ ನಿಲ್ಲಿಸು. ನಿನ್ನದೇ ಒಂದು ದಿನದ ಫೈಲ್ ತಗೊ. ಅದನ್ನು ತೆರೆದು ಮೊದಲ ಸಾಲು ಮಾತ್ರ ಪ್ರಿಂಟ್ ಮಾಡು. ಇವತ್ತಿಗೆ ಅಷ್ಟೇ."

ಅಷ್ಟೇ ಅಂದದ್ದು ನನಗೆ ಮೂರು ದಿನ ಹಿಡಿಯಿತು. ಫೈಲ್ ಕಣ್ಣ ಮುಂದೆ ಇದೆ, ಪೈಥಾನ್ ತೆರೆಯುವುದಿಲ್ಲ. ಸ್ಕ್ರೀನ್ ಫೋಟೋ ತೆಗೆದು "ಅಕ್ಕ, ನಡೀತಿಲ್ಲ" ಅಂತ ಕಳಿಸಿದೆ. ಉತ್ತರ ಬರಲಿಲ್ಲ. ಮರುದಿನ ಗಾಡಿಯಲ್ಲಿ ಅಕ್ಕ ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ಐರೋಳಿ ಬಂತು. ಇಳಿಯುವಾಗ ಹೇಳಿ ಹೋದರು: "ನಾಳೆ ಮೂರು ಸಾಲು ಬರೆದುಕೊಂಡು ಬಾ. ನೀನು ಏನು ಮಾಡಿದೆ, ಏನು ಬರಬೇಕಿತ್ತು, ನಿಜವಾಗಿ ಏನು ಬಂತು."

ಆ ಮೂರು ಸಾಲಿನ ನೋಟ್‌ಬುಕ್ ಇವತ್ತಿಗೂ ನನ್ನ ಬ್ಯಾಗ್‌ನಲ್ಲಿದೆ. ಮೊದಲ ಪುಟದಲ್ಲಿ ಇದೇ ಸಮಸ್ಯೆ. ‘ಏನು ಬಂತು’ ಅಂತ ಬರೆಯಬೇಕಾದರೆ ಎರರ್ ಅನ್ನು ಓದಲೇಬೇಕು. ಅಲ್ಲಿಯವರೆಗೆ ಕೆಂಪು ಅಕ್ಷರ ಕಂಡರೆ ಗಾಬರಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಕ್ಕ ಹೇಳಿಕೊಟ್ಟದ್ದು, ಪೈಥಾನ್‌ನ ಎರರ್ ಅನ್ನು ಕೆಳಗಿನಿಂದ ಓದಬೇಕು ಅಂತ. ಏನಾಯಿತು ಅನ್ನುವುದು ಕೊನೆಯ ಸಾಲಿನಲ್ಲಿರುತ್ತದೆ, ಎಲ್ಲಿ ಆಯಿತು ಅನ್ನುವುದು ಅದರ ಸ್ವಲ್ಪ ಮೇಲೆ. ಆಮೇಲೆ, "ಫೈಲ್‌ನ ದಾರಿಯನ್ನೇ ಪ್ರಿಂಟ್ ಮಾಡಿ ನೋಡು" ಅಂದರು. ದಾರಿ ಅಂದರೆ ಫೈಲ್ ಯಾವ ಫೋಲ್ಡರ್‌ನಲ್ಲಿದೆ ಅಂತ ಹೇಳುವ ವಿಳಾಸ. ಮಾಡಿದರೆ ಅದು ಎರಡು ಸಾಲಾಗಿ ಮುರಿದು ಬಂತು. ನನ್ನ ಫೋಲ್ಡರ್ ಹೆಸರು ಇಂಗ್ಲಿಷಿನ ಎನ್ ಅಕ್ಷರದಿಂದ ಶುರುವಾಗುತ್ತಿತ್ತು. ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರಿನ ಮುಂದೆ ಬ್ಯಾಕ್‌ಸ್ಲ್ಯಾಶ್ ಬರುತ್ತದೆ. ಬ್ಯಾಕ್‌ಸ್ಲ್ಯಾಶ್ ಪಕ್ಕದಲ್ಲಿ ಎನ್ ಬಂದರೆ ಪೈಥಾನ್ ಅದನ್ನು ‘ಹೊಸ ಸಾಲು’ ಅಂತ ಓದುತ್ತದೆ. ಗೆರೆಯನ್ನು ಆ ಕಡೆ ತಿರುಗಿಸಿ ಫಾರ್ವರ್ಡ್ ಸ್ಲ್ಯಾಶ್ ಹಾಕಿದೆ, ಫೈಲ್ ತೆರೆಯಿತು. ಆ ಖುಷಿಗೆ ವಾಶಿ ಬಂದದ್ದೇ ಗೊತ್ತಾಗಲಿಲ್ಲ.

ಮುಂದಿನ ಕಷ್ಟ ಕನ್ನಡದ್ದು. ನನ್ನ ಹಾಗೆ ಕನ್ನಡದ ಡೇಟಾ ಇಟ್ಟುಕೊಂಡು ಕಲಿಯುವವರಿಗೆ ಇದು ಬಂದೇ ಬರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಕ್ಸೆಲ್‌ನಿಂದ ಸುಮ್ನೆ ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಬರೀ ಪಠ್ಯದ ಫೈಲ್) ಅಂತ ಸೇವ್ ಮಾಡಿದರೆ ಕನ್ನಡ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ‘ಸಿಎಸ್‌ವಿ ಯುಟಿಎಫ್-8’ ಅಂತ ಇರುವುದನ್ನೇ ಆರಿಸಬೇಕು. ಯುಟಿಎಫ್-8 ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಫೈಲ್‌ನಲ್ಲಿ ಇಡುವ ಒಂದು ಪದ್ಧತಿ. ಅದನ್ನು ಆರಿಸಿದರೂ ನನ್ನ ಪ್ರೋಗ್ರಾಂ ನಿಂತುಬಿಡುತ್ತಿತ್ತು. ಅಕ್ಕ ಹೇಳಿದರು, ಫೈಲ್ ಕತ್ತರಿಸುತ್ತಾ ಹೋಗು, ಇನ್ನೂ ತಪ್ಪು ಬರುವಂಥ ಅತಿ ಚಿಕ್ಕ ಫೈಲ್ ಮಾಡಿಕೊಂಡು ಬಾ. ಆ ರಾತ್ರಿ ಅರ್ಧ ಅರ್ಧ ಕತ್ತರಿಸುತ್ತಾ ಕೊನೆಗೆ ಒಂದು ಪದಕ್ಕೆ ತಂದೆ. ‘ಗದಗ’ ಅಂತ ಮಾತ್ರ ಇದ್ದರೆ ಏನೋ ವಿಚಿತ್ರ ಅಕ್ಷರ ಬರುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ‘ಬ್ಯಾಡಗಿ’ ಅಂತ ಇದ್ದರೆ ನಿಲ್ಲುತ್ತಿತ್ತು. ಇದನ್ನು ಅಕ್ಕನಿಗೆ ತೋರಿಸಿದಾಗ ಅವರ ಮುಖ ಅರಳಿತು. ಕಾರಣ ಇಷ್ಟು. ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಇಟ್ಟ ಪದ್ಧತಿ, ಯಾವುದು ಅಂತ ನಾನು ಹೇಳದೇ ಇದ್ದದ್ದರಿಂದ ಪೈಥಾನ್ ವಿಂಡೋಸ್‌ನ ಹಳೇ 1252 ಕೋಷ್ಟಕ ಹಿಡಿದು ಓದುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಬ್ಯಾ ಅಕ್ಷರದೊಳಗೆ ಅಡಗಿರುವ ಅರ್ಧಾಕ್ಷರದ ಚಿಹ್ನೆಯ ಕೊನೇ ಬೈಟ್‌ಗೆ ಆ ಹಳೇ ಕೋಷ್ಟಕದಲ್ಲಿ ಜಾಗವೇ ಇಲ್ಲ. ಗದಗದಲ್ಲಿ ಆ ಚಿಹ್ನೆ ಇಲ್ಲ.

ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆದೆ. ಓದಿತು. ಆದರೆ ‘ಪಾರ್ಟಿ’ ಅನ್ನುವ ಮೊದಲ ಕಾಲಂ ಇಲ್ಲವೇ ಇಲ್ಲ ಅಂತು! ಕಣ್ಣಿಗೆ ಕಾಣುತ್ತಿದೆ, ಪೈಥಾನ್‌ಗೆ ಸಿಗುತ್ತಿಲ್ಲ. ಈ ಸಲ ಮೂರು ಸಾಲು ಬರೆದು, ಕಾಲಂ ಹೆಸರುಗಳನ್ನು ‘ರೆಪ್ರ್’ ಹಾಕಿ ಇದ್ದದ್ದು ಇದ್ದ ಹಾಗೆ ತೋರಿಸುವಂತೆ ಪ್ರಿಂಟ್ ಮಾಡಿದೆ. ಪಾರ್ಟಿ ಪದದ ಮುಂದೆ ಕಾಣದ ಒಂದು ಗುರುತು ಅಂಟಿಕೊಂಡಿತ್ತು. ಎಕ್ಸೆಲ್ ಫೈಲ್‌ನ ತಲೆಯ ಮೇಲೆ ಅದನ್ನು ಇಡುತ್ತದೆ. ಎನ್‌ಕೋಡಿಂಗ್ ಹೆಸರನ್ನು ‘ಯುಟಿಎಫ್-8-ಸಿಗ್’ ಅಂತ ಬದಲಿಸಿದರೆ ಹೋಗುತ್ತದೆ. ಇದರ ಮದ್ದು ಮಾತ್ರ ಅಕ್ಕನಿಂದ, ರೋಗ ಕಂಡುಹಿಡಿದದ್ದು ನಾನೇ. ಆಮೇಲಾಮೇಲೆ ಹೀಗೇ ಆಗತೊಡಗಿತು. ಸಿಗುವುದು ಹತ್ತೇ ನಿಮಿಷ, ಅದನ್ನು ಹಾಳು ಮಾಡಬಾರದು ಅಂತ ರಾತ್ರಿ ಕೂತು ಪ್ರಶ್ನೆಯನ್ನು ಸರಿಯಾಗಿ ಬರೆಯಲು ಹೋಗುವುದು, ಬರೆಯುತ್ತಾ ಬರೆಯುತ್ತಾ ಉತ್ತರವೇ ಕಂಡುಬಿಡುವುದು. ಅಕ್ಕನ ಹತ್ತಿರ ಗಂಟೆಗಟ್ಟಲೆ ಸಮಯ ಇದ್ದಿದ್ದರೆ ನಾನು ಎಲ್ಲವನ್ನೂ ಅವರನ್ನೇ ಕೇಳಿ ಮುಗಿಸಿಬಿಡುತ್ತಿದ್ದೆ.

ಎರಡನೇ ಗುರು ಸಿಕ್ಕಿದ್ದು ಮುಂಬಯಿಯ ಮಾತುಂಗಾದಲ್ಲಿ. ಮೈಸೂರು ಅಸೋಸಿಯೇಷನ್‌ನಲ್ಲಿ ಒಂದು ನಾಟಕ ನೋಡಲು ಹೋಗಿದ್ದೆ, ಪಕ್ಕದ ಕುರ್ಚಿಯಲ್ಲಿ ಒಬ್ಬ ಕಾಕಾ ಕೂತಿದ್ದರು. ಧಾರವಾಡ ಕಡೆಯವರು. ಮಾತಾಡುತ್ತಾ ಗೊತ್ತಾಯಿತು, ಒಂದು ಬ್ಯಾಂಕಿನ ಲೆಕ್ಕವೆಲ್ಲ ಕೋಬಾಲ್‌ನಲ್ಲಿ ಬರೆದು ನಿವೃತ್ತರಾದವರು. ಕೋಬಾಲ್ ಹುಟ್ಟಿದ್ದು 1959ರಲ್ಲಿ. ವ್ಯಾಪಾರ, ಬ್ಯಾಂಕಿನ ಲೆಕ್ಕಕ್ಕೆಂದೇ ಮಾಡಿದ ಭಾಷೆ. ಪೈಥಾನ್ ಮೊದಲು ಹೊರಬಂದದ್ದು 1991ರಲ್ಲಿ. ಇವರು ನನಗೆ ಹೇಗೆ ಸಹಾಯ ಮಾಡಿಯಾರು ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಆಗ ನನ್ನ ತಲೆ ತಿನ್ನುತ್ತಿದ್ದ ಸಮಸ್ಯೆ ಪೈಥಾನಿನದಾಗಿರಲಿಲ್ಲ, ರೊಕ್ಕದ್ದಾಗಿತ್ತು.

ತಿಂಗಳ ಮೊತ್ತ ಕೈಲೆಕ್ಕದೊಂದಿಗೆ ತಾಳೆ ಆಗುತ್ತಿರಲಿಲ್ಲ. ಒಂದು ಪಾರ್ಟಿಗೆ 3 ರೂಪಾಯಿ ಕಡಿಮೆ, ಇನ್ನೊಂದಕ್ಕೆ 1 ರೂಪಾಯಿ, ಕೆಲವರದ್ದು ಸರಿ. ಮೂರು ರೂಪಾಯಿ ತಾನೇ ಅಂತ ಬಿಡುವ ಹಾಗಿಲ್ಲ, ಪಟ್ಟಿ ಹೊಂದದಿದ್ದರೆ ಪಾರ್ಟಿಯ ನಂಬಿಕೆ ಹೋಗುತ್ತದೆ. ಮುಂದಿನ ಭಾನುವಾರ ಲ್ಯಾಪ್‌ಟಾಪ್ ತಗೊಂಡು ಕಾಕಾನ ಮನೆಗೇ ಹೋದೆ. ಅವರು ಪ್ರೋಗ್ರಾಂ ಕಡೆ ನೋಡಲೇ ಇಲ್ಲ. "ಯಾವ್ಯಾವ ಸಾಲು ತಪ್ಪು ಬಂದಾವ, ಅಷ್ಟನ್ನ ಕಾಗದದ ಮ್ಯಾಲೆ ಬರಿ ನೋಡೂಣು" ಅಂದರು. ಬರೆದೆ. ಉದಾಹರಣೆಗೆ ದರ ಕ್ವಿಂಟಲ್‌ಗೆ 24,650 ಅಂದರೆ ಕೆಜಿಗೆ 246.50. ಚೀಲ 37 ಕೆಜಿ ಇದ್ದರೆ 9,120.50. ನಮ್ಮ ಅಂಗಡಿ ರೂಢಿಯಲ್ಲಿ ಐವತ್ತು ಪೈಸೆ ಮೇಲಕ್ಕೆ, ಅಂದರೆ 9,121. ಪೈಥಾನ್ 9,120 ಕೊಟ್ಟಿತ್ತು. ಅದೇ ದರದಲ್ಲಿ 39 ಕೆಜಿ ಚೀಲಕ್ಕೆ 9,613.50, ಅಲ್ಲಿ ಪೈಥಾನ್ ಸರಿಯಾಗಿ 9,614 ಕೊಟ್ಟಿತ್ತು.

"ತಪ್ಪು ಬಂದದ್ದರಾಗ ಎಲ್ಲಾದಕ್ಕೂ ಒಂದ ಥರ ಇರೂದು ಏನೈತಿ ನೋಡವಾ" ಅಂದು ಕಾಕಾ ಚಹಾ ಮಾಡಲು ಎದ್ದು ಹೋದರು. ನೋಡುತ್ತಾ ಕೂತೆ. ಎಲ್ಲವೂ ಐವತ್ತು ಪೈಸೆಯಲ್ಲಿ ಮುಗಿಯುತ್ತವೆ. ಆದರೆ ಸರಿ ಬಂದವುಗಳಲ್ಲೂ ಐವತ್ತು ಪೈಸೆ ಇದೆ! ಚಹಾ ಬರುವ ಹೊತ್ತಿಗೆ ಕಂಡಿತು. ತಪ್ಪಾದ ಕಡೆಗಳಲ್ಲಿ ಪೈಸೆಗೆ ಮುಂಚಿನ ರೂಪಾಯಿ ಸಮಸಂಖ್ಯೆ, ಸರಿ ಬಂದ ಕಡೆ ಬೆಸ. ಪೈಥಾನ್ 3ರ ‘ರೌಂಡ್’ ಸರಿಯಾಗಿ ಅರ್ಧದಲ್ಲಿರುವ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. 2.5 ಕೊಟ್ಟರೆ 2 ಬರುತ್ತದೆ. ಅದು ಪೈಥಾನ್‌ನ ತಪ್ಪಲ್ಲ, ಇದಕ್ಕೆ ‘ಬ್ಯಾಂಕರ್ಸ್ ರೌಂಡಿಂಗ್’ ಅಂತ ಹೆಸರೇ ಇದೆ ಅಂತ ಕಾಕಾ ಹೇಳಿದರು. ನಮ್ಮ ಅಂಗಡಿಯ ನಿಯಮ ಬೇರೆ, ಅದನ್ನು ನಾನು ಬಾಯಿಬಿಟ್ಟು ಹೇಳಬೇಕಿತ್ತು.

ಆಮೇಲೆ ಕಾಕಾ ಹೇಳಿದ ಮಾತು, "ರೊಕ್ಕದ ಲೆಕ್ಕಕ್ಕ ಫ್ಲೋಟ್ ಮುಟ್ಟಬ್ಯಾಡ." ಫ್ಲೋಟ್ ಅಂದರೆ ಬಿಂದು ಇರುವ ಸಂಖ್ಯೆಯನ್ನು ಪೈಥಾನ್ ಸಾಮಾನ್ಯವಾಗಿ ಇಡುವ ಬಗೆ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಲು ಹೇಳಿದರು. 0.30000000000000004 ಬಂತು. ಕಂಪ್ಯೂಟರ್ ಅದನ್ನು 0, 1 ಮಾತ್ರ ಇರುವ ಎರಡರ ಲೆಕ್ಕದಲ್ಲಿ ಇಡುವುದರಿಂದ 0.1 ಅದಕ್ಕೆ ಪೂರ್ತಿ ಹಿಡಿಸುವುದಿಲ್ಲ, ನಮಗೆ ಮೂರನೇ ಒಂದು ಭಾಗವನ್ನು ದಶಾಂಶದಲ್ಲಿ ಬರೆದು ಮುಗಿಸಲು ಆಗದ ಹಾಗೆ. ಇದಕ್ಕೆಂದೇ ಪೈಥಾನ್‌ನಲ್ಲಿ ‘ಡೆಸಿಮಲ್’ ಇದೆ. ಅದಕ್ಕೂ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೊಡಬೇಕು, ಇಲ್ಲದಿದ್ದರೆ ತಪ್ಪು ಮೊದಲೇ ಒಳಗೆ ಹೊಕ್ಕಿರುತ್ತದೆ. ಅರ್ಧ ಮೇಲಕ್ಕೆ ಹೋಗಬೇಕು ಅನ್ನುವ ನಿಯಮವನ್ನೂ ಅಲ್ಲೇ ಹೇಳಬಹುದು. ಮಾಡಿದೆ. ಇಡೀ ತಿಂಗಳ ಲೆಕ್ಕ ಪೈಸೆಗೆ ಪೈಸೆ ಹೊಂದಿತು.

ಇಬ್ಬರು ಗುರುಗಳಿಗೂ ಒಂದು ವಿಷಯದಲ್ಲಿ ಹೊಂದಿಕೆ ಇರಲಿಲ್ಲ. ಅಕ್ಕ ಅಂದರು, ಪಾಂಡಾಸ್ (ಕೋಷ್ಟಕದ ಲೆಕ್ಕಕ್ಕೆ ಪೈಥಾನ್‌ನಲ್ಲಿ ಸಿಗುವ ಸಿದ್ಧ ಸಲಕರಣೆ) ಕಲಿತುಬಿಡು, ಹತ್ತು ಸಾಲಿನಲ್ಲಿ ಮುಗಿಯುತ್ತದೆ. ಕಾಕಾ ಅಂದರು, ಮೊದಲು ಡಿಕ್ಷನರಿ ಇಟ್ಟುಕೊಂಡು ಕೈಯಾರೆ ಕೂಡಿಸು. ನಾನು ಕಾಕಾನ ದಾರಿ ಹಿಡಿದೆ. ಡಿಕ್ಷನರಿ ಅಂದರೆ ನಮ್ಮ ಖಾತೆ ಪುಸ್ತಕವೇ, ಹೆಸರು ಹುಡುಕು, ಆ ಪುಟದಲ್ಲಿ ಮೊತ್ತ ಬರಿ. ಹದಿನಾಲ್ಕು ವರ್ಷದಿಂದ ಕೈ ಮಾಡುತ್ತಿರುವ ಕೆಲಸ ಅದು. ಹಾಗಾಗಿ ಅರ್ಥ ಬೇಗ ಆಯಿತು. ಈಗಾಗಲೇ ಒಂದು ಭಾಷೆ ಗೊತ್ತಿರುವವರಿಗೆ ಅಕ್ಕನ ದಾರಿಯೇ ಒಳ್ಳೆಯದಿರಬಹುದು.

ಒಂದು ದೊಡ್ಡ ಅನಾಹುತವನ್ನೂ ಹೇಳಬೇಕು. ಓದಬೇಕಾದ ಫೈಲನ್ನು ಬರೆಯುವ ಮೋಡ್‌ನಲ್ಲಿ ತೆರೆದುಬಿಟ್ಟೆ. ಹಾಗೆ ತೆರೆದ ಕ್ಷಣಕ್ಕೇ ಫೈಲ್ ಖಾಲಿ ಆಗುತ್ತದೆ, ಒಂದಕ್ಷರ ಬರೆಯದಿದ್ದರೂ. ಫೆಬ್ರವರಿಯ ಒಂದು ದಿನದ ಲೆಕ್ಕ ಪೂರ್ತಿ ಹೋಯಿತು. ಕಾಗದದ ಪಟ್ಟಿ ನೋಡಿ ಮೂರು ಗಂಟೆ ಕೂತು ಮತ್ತೆ ಟೈಪ್ ಮಾಡಿದೆ. ಅವತ್ತಿನಿಂದ ಮೂಲ ಫೈಲ್‌ಗಳು ಒಂದು ಫೋಲ್ಡರ್, ಪ್ರೋಗ್ರಾಂ ಬರೆಯುವುದು ಬೇರೆ ಫೋಲ್ಡರ್. ನೀವು ಕಲಿಯುತ್ತಿದ್ದರೆ ದಯವಿಟ್ಟು ಮೊದಲ ದಿನವೇ ಹೀಗೆ ಮಾಡಿ.

ಕೊನೆಗೆ ಉಳಿದದ್ದು ಹೆಸರುಗಳ ಗೋಜಲು. ಒಂದೇ ಹೆಸರು ಎರಡು ಕಡೆ ಅಚ್ಚುಕಟ್ಟಾಗಿ ಒಂದೇ ಥರ ಕಾಣುತ್ತದೆ, ಪೈಥಾನ್ ಬೇರೆ ಅನ್ನುತ್ತದೆ. ಉದ್ದ ಎಣಿಸಿ ನೋಡಲು ಅಕ್ಕ ಹೇಳಿದರು. ‘ಕನ್ನಡ’ ಅಂದರೆ ನಮಗೆ ಮೂರು ಅಕ್ಷರ, ಪೈಥಾನ್‌ಗೆ 5, ಯಾಕೆಂದರೆ ಅದು ಒತ್ತಿನ ಚಿಹ್ನೆಯನ್ನೂ ಕೆಳಗಿನ ನಕಾರವನ್ನೂ ಬೇರೆ ಬೇರೆ ಎಣಿಸುತ್ತದೆ. ಹಾಗೆ ಎಣಿಸಿದಾಗ ಒಂದು ಹೆಸರಿನ ಕೊನೆಯಲ್ಲಿ ಒಂದು ಜಾಸ್ತಿ ಬಂತು. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳಿಗೆ ಕೆಲವರು ಟೈಪ್ ಮಾಡುವಾಗ ಕಾಣದ ಒಂದು ತಡೆ ಗುರುತು ಹಾಕಿರುತ್ತಾರೆ, ಅದರ ಸಂಖ್ಯೆ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಟ್ಟ ಕೋಷ್ಟಕದಲ್ಲಿ, 200ಸಿ. ಓಕಾರವನ್ನೂ ಒಂದೇ ಸಂಕೇತವಾಗಿ ಇಡಬಹುದು, ತುಂಡು ತುಂಡಾಗಿಯೂ ಇಡಬಹುದು. ‘ಯೂನಿಕೋಡ್‌ಡೇಟಾ’ ಅನ್ನುವ ಮಾಡ್ಯೂಲ್‌ನಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತಂದು, ಹೆಸರಿನ ಹಿಂದೆ ಮುಂದೆ ಇರುವ ಖಾಲಿ ಜಾಗ ಮತ್ತು ಆ ತಡೆ ಗುರುತನ್ನು ತೆಗೆದ ಮೇಲೆ ಅರ್ಧಕ್ಕರ್ಧ ಗೋಜಲು ಕಡಿಮೆಯಾಯಿತು.

ಉಳಿದವು ನಿಜವಾಗಿಯೂ ಬೇರೆ ಬೇರೆ ಕಾಗುಣಿತ. ಹತ್ತಿರದ ಹೆಸರನ್ನು ಪೈಥಾನ್ ತಾನೇ ಊಹಿಸಲಿ ಅಂತ ನನ್ನ ಆಸೆ. ಅಂಥ ಮಾಡ್ಯೂಲ್ ಇದೆ, ನಾನು ಬರೆದೂ ಇಟ್ಟಿದ್ದೆ. ಕಾಕಾ ಒಪ್ಪಲಿಲ್ಲ. "ಗೊತ್ತಿಲ್ಲದ ಹೆಸರು ಬಂದ್ರ ನಿಂತು ಕೇಳಬೇಕು. ರೊಕ್ಕದಾಗ ಅಂದಾಜು ಇಲ್ಲ." ಬೇಜಾರಿನಿಂದಲೇ ಆ ಭಾಗ ತೆಗೆದೆ. ಹೆಸರುಗಳ ಒಂದು ಪಟ್ಟಿ ಕೈಯಾರೆ ಮಾಡಿದೆ. ಅದರಲ್ಲಿ ಇಲ್ಲದ ಹೆಸರು ಬಂದರೆ ಪ್ರೋಗ್ರಾಂ ಆ ಹೆಸರನ್ನೂ ಫೈಲ್‌ನ ತಾರೀಖನ್ನೂ ತೋರಿಸಿ ನಿಲ್ಲುತ್ತದೆ.

ಎರಡು ದಿನದ ಕೆಲಸ ಈಗ ಒಂದು ನಿಮಿಷದೊಳಗೆ ಆಗುತ್ತದೆ. ಆದರೂ ಪ್ರತಿ ಸಲ ಐದು ಪಾರ್ಟಿಗಳದ್ದನ್ನು ಕೈಯಲ್ಲಿ ಕೂಡಿಸಿ ನೋಡುತ್ತೇನೆ. ಕಳೆದ ತಿಂಗಳು ಪ್ರೋಗ್ರಾಂ ಒಂದು ಹೆಸರಿಗೆ ನಿಂತಿತು. ನಮ್ಮ ಹಳೇ ಪಾರ್ಟಿಯದ್ದೇ ಹೆಸರು, ಒಂದು ಅಕ್ಷರ ಮಾತ್ರ ಬೇರೆ. ಬರೆಯುವಾಗ ತಪ್ಪಿದೆ ಅಂತ ಹೆಸರುಗಳ ಪಟ್ಟಿಯಲ್ಲಿ ಅವರದ್ದೇ ಅಂತ ಸೇರಿಸಲು ಕೈ ಹಾಕಿದ್ದೆ. ಯಾಕೋ ಬ್ಯಾಡಗಿಗೆ ಫೋನ್ ಮಾಡಿದೆ. ಅವರ ತಮ್ಮನಂತೆ. ಈ ವರ್ಷದಿಂದ ಹೊಲ ಬೇರೆ, ಲೆಕ್ಕವೂ ಬೇರೆ. ಅವತ್ತು ಸಂಜೆ ಆ ಮನೆಗೆ ಎರಡು ಪಟ್ಟಿ ಕಳಿಸಿದೆ.