ಮಳೆಯಲ್ಲಿ ಸೈಕಲ್: ಮೈಮೇಲೆ ಏನಿರಬೇಕು?

ಒಂದು ಹನಿಯೂ ತಾಗದಂತೆ ಹೋಗಿ ಬರುತ್ತೇನೆ ಅನ್ನುವ ಆಸೆಯನ್ನು ಮೊದಲು ಬಿಟ್ಟುಬಿಡಿ. ಸ್ಕೂಟರ್ ಮೇಲಾದರೆ ಸುಮ್ನೆ ಕೂತಿರುತ್ತೀರಿ. ಸೈಕಲ್ ತುಳಿದರೆ ಮೈ ಬೆವರುತ್ತದೆ. ದಪ್ಪ ಪ್ಲಾಸ್ಟಿಕ್ ರೇನ್‌ಕೋಟ್ ಮಳೆಯನ್ನು ಹೊರಗೆ ತಡೆದ ಹಾಗೆಯೇ ಬೆವರನ್ನು ಒಳಗೆ ತಡೆಯುತ್ತದೆ. ಕೊನೆಗೆ ಅಂಗಿ ಒದ್ದೆಯೇ, ಅಲ್ವಾ?

ಮೊದಲು ನಿಮ್ಮ ಊರಿನ ಮಳೆ ಎಂಥದ್ದು ನೋಡಿ. ಮಂಗಳೂರು, ಉಡುಪಿ ಕಡೆ ಜೂನ್-ಜುಲೈನಲ್ಲಿ ಜಡಿಮಳೆ, ಆದರೆ ಚಳಿ ಕಡಿಮೆ. ಹತ್ತು ನಿಮಿಷದ ದಾರಿಯಾದರೆ ಬೇಗ ಒಣಗುವ ಟೀಶರ್ಟ್, ಚಡ್ಡಿ ಹಾಕಿಕೊಂಡು ನೆನೆದೇ ಹೋಗಿ, ಅಲ್ಲಿ ಬಟ್ಟೆ ಬದಲಿಸುವುದು ವಾಸಿ. ಮಡಿಕೇರಿ, ಆಗುಂಬೆಯಲ್ಲಿ ಮಳೆ ಜೊತೆ ಗಾಳಿ ಬೀಸಿದರೆ ನಡುಕ ಹುಟ್ಟುತ್ತದೆ, ಅಲ್ಲಿ ಮಳೆ ತಡೆಯುವ ಜರ್ಕಿನ್ ಬೇಕೇ ಬೇಕು. ಬೆಂಗಳೂರಿನ ಮಳೆ ಜಾಸ್ತಿ ಸಂಜೆಯದು. ಬೆಳಗಿನ ಬಿಸಿಲು ನಂಬದೆ ತೆಳು ಜರ್ಕಿನ್ ಒಂದನ್ನು ಮಡಚಿ ಬ್ಯಾಗಿಗೆ ಹಾಕಿ.

ಒಳಗೆ ಹತ್ತಿ ಬಟ್ಟೆ ಬೇಡ. ನೀರು ಹೀರಿ ಭಾರವಾಗಿ ಮೈಗಂಟುತ್ತದೆ. ಆಟಗಾರರು ಹಾಕುವ ಪಾಲಿಯೆಸ್ಟರ್ ಟೀಶರ್ಟ್ ಸಾಕು.

ಜರ್ಕಿನ್ ಕೊಳ್ಳುವಾಗ ಮಾತ್ರ ಅವಸರ ಬೇಡ. ಲೇಬಲ್ ಮೇಲೆ 5,000 ಮಿ.ಮೀ., 10,000 ಮಿ.ಮೀ. ಅಂತ ಇರುತ್ತದೆ. ಎಷ್ಟು ಎತ್ತರದ ನೀರಿನ ಒತ್ತಡಕ್ಕೆ ಬಟ್ಟೆ ಸೋರದೆ ನಿಲ್ಲುತ್ತದೆ ಅನ್ನುವ ಲೆಕ್ಕ ಅದು. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು, ನಿಜ. ಆದರೆ ನಮ್ಮ ಸೆಕೆಗೆ ಕಂಕುಳ ಕೆಳಗೆ ಗಾಳಿಯಾಡುವ ಜಿಪ್ ಇದೆಯೇ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಆಮೇಲೆ ಒಳಗಡೆ ತಿರುಗಿಸಿ ಹೊಲಿಗೆ ನೋಡಿ. ಅದರ ಮೇಲೆ ಟೇಪ್ ಅಂಟಿಸಿರದಿದ್ದರೆ ನೀರು ನುಗ್ಗುವುದೇ ಅಲ್ಲಿಂದ. ಅಂಗಡಿಯಲ್ಲೇ ಹ್ಯಾಂಡಲ್ ಹಿಡಿದವರ ಹಾಗೆ ಮುಂದಕ್ಕೆ ಬಾಗಿ. ಬೆನ್ನು ಕಾಣಿಸಿದರೆ, ತೋಳು ಮೇಲೆ ಸರಿದರೆ ಅದನ್ನು ಬಿಡಿ. ಜರ್ಕಿನ್‌ಗೆ ಹೊಲಿದಿರುವ ಟೋಪಿ ದೊಗಲೆ ಆಗಿದ್ದರೆ ಪಕ್ಕಕ್ಕೆ ತಿರುಗಿದಾಗ ಹಿಂದಿನ ವಾಹನ ಕಾಣುವುದಿಲ್ಲ. ಅದರ ಬದಲು ಹೆಲ್ಮೆಟ್ ಒಳಗೆ ಮುಂದೆ ಅಂಚಿರುವ ತೆಳು ಕ್ಯಾಪ್ ಹಾಕಿದರೆ ಕಣ್ಣಿಗೆ ಹನಿ ಹೊಡೆಯುವುದಿಲ್ಲ.

ಜೀನ್ಸ್ ಬೇಡ, ಒಣಗಲು ದಿನ ಬೇಕು. ಚೈನ್ ಬಲಕ್ಕಿರುವುದರಿಂದ ಪ್ಯಾಂಟಿನ ಬಲಗಾಲನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ದುಪಟ್ಟಾ ಸಡಿಲ ಬಿಡಬೇಡಿ. ಗಾಳಿಗೆ ಹಾರುವ ಪೊಂಚೊ (ತಲೆಯ ಮೇಲಿಂದ ಹೊದೆಯುವ ಅಗಲ ರೇನ್‌ಕೋಟ್) ಕೂಡ ಸ್ಪೋಕ್‌ಗೆ ಸಿಕ್ಕೀತು. ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದರಲ್ಲಿ ಬ್ರೇಕ್ ಒತ್ತುವ ಸಾಹಸವಂತೂ ಖಂಡಿತ ಬೇಡ.

ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸಾಕು. ಶೂ ನೆನೆದರೆ ಹಳೇ ಪೇಪರ್ ತುರುಕಿಡಿ.

ಬಣ್ಣ ಕಣ್ಣಿಗೆ ಹೊಡೆಯುವಂಥದ್ದೇ ಇರಲಿ: ನಿಂಬೆ ಹಳದಿ, ಕಿತ್ತಳೆ. ಆದರೆ ಕತ್ತಲಲ್ಲಿ ಇವು ನೆರವಿಗೆ ಬರುವುದಿಲ್ಲ, ಲೈಟ್ ಬಿದ್ದರೆ ಹೊಳೆಯುವ ಪಟ್ಟಿಯೇ ಬೇಕು. ಅದನ್ನು ಕಾಲಿನ ಗಂಟಿಗೆ ಕಟ್ಟಿ. ಪೆಡಲ್ ಜೊತೆ ಮೇಲೆ ಕೆಳಗೆ ಆಡುವುದರಿಂದ ಲಾರಿಯವರಿಗೆ ಬೇಗ ಕಾಣುತ್ತದೆ.

ಇಷ್ಟೆಲ್ಲ ಕೊಂಡು ಸೈಕಲ್‌ಗೆ ಮಡ್‌ಗಾರ್ಡ್ ಹಾಕಿಸದಿದ್ದರೆ ಬೆನ್ನ ತುಂಬ ಕೆಸರು. ಜರ್ಕಿನ್ ತೊಳೆಯುವಾಗ ಬಟ್ಟೆ ಮೆದುವಾಗಿಸುವ ಸಾಫ್ಟನರ್ ಹಾಕಬೇಡಿ, ನೀರು ಜಾರಿಸುವ ಗುಣ ಹೋಗುತ್ತದೆ.